ಬ್ಲ್ಯಾಕ್ ಲೋಕಸ್ಟ್ ಮರದ ಬಿಲ್ಲು: ಹೊಟ್ಟೆಯ ಕಡೆ ನೆರಿಗೆ ಬರದಂತೆ ಮಾಡುವುದು ಹೇಗೆ?

ಹೆದೆಬಿಗಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬ್ಲ್ಯಾಕ್ ಲೋಕಸ್ಟ್ ಮರದ ಒಂದು ಸೀಳು ಇದೆ. ಉದ್ದ 180 ಸೆಂಟಿಮೀಟರ್. ಬೆಣೆ ಹೊಡೆದು ಸೀಳಿದ್ದು, ಗರಗಸದಲ್ಲಿ ಕೊಯ್ದದ್ದಲ್ಲ. ಎರಡೂ ತುದಿಗೆ ಅಂಟು ಬಳಿದು ನೆರಳಲ್ಲಿ ಇಟ್ಟಿದ್ದೆ, ಚೆನ್ನಾಗಿ ಒಣಗಿದಂತೆ ಕಾಣುತ್ತದೆ. ತೊಗಟೆ ಹೋಗಿದೆ, ಅದರ ಕೆಳಗಿನ ಬಿಳಿ ಮರ ಇನ್ನೂ ಹಾಗೇ ಇದೆ. ಮರದ ವರ್ಷದ ಉಂಗುರಗಳು 3 ಮಿಲಿಮೀಟರ್ ಹತ್ತಿರ ದಪ್ಪ. ಒಂದು ತೋಳಿನಲ್ಲಿ, ಅಂದರೆ ಹಿಡಿಯಿಂದ ತುದಿಯವರೆಗೆ ಬಾಗುವ ಭಾಗದಲ್ಲಿ, ನಾರು ಪಕ್ಕಕ್ಕೆ ಅಂಕುಡೊಂಕಾಗಿ ಹೋಗಿದೆ, ಅಲ್ಲೇ ಹತ್ತಿರ ಹೆಬ್ಬೆರಳು ಗಾತ್ರದ ಒಂದು ಗಂಟು.

ನನಗೆ ಬೇಕಿರುವುದು ಹೆದೆಯನ್ನು 28 ಇಂಚು ಎಳೆಯಲು 45 ಪೌಂಡ್ ಬಲ ಬೇಕಾಗುವ ಬಿಲ್ಲು. ಹಳೆಯ ಇಂಗ್ಲಿಷ್ ಉದ್ದಬಿಲ್ಲಿನ ಥರ ಕಿರಿದಾಗಿ, 32 ಮಿಲಿಮೀಟರ್ ಅಗಲ, ಹೊಟ್ಟೆ ದುಂಡಗೆ ಮಾಡಬೇಕು ಅಂತಿದ್ದೇನೆ. ಮುರಿಯದಿರಲಿ ಅಂತ ಬೆನ್ನಿಗೆ ಲಿನನ್ ಬಟ್ಟೆ ಅಂಟಿಸುವ ಯೋಚನೆಯೂ ಇದೆ. ಆದರೆ ಈ ಮರದಲ್ಲಿ ಹೊಟ್ಟೆ ಕಡೆ ಅಡ್ಡಡ್ಡ ಗೆರೆ ಬಿದ್ದು ಬಿಲ್ಲು ಹಾಳಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ವರ್ಷಗಟ್ಟಲೆ ಬಾಳುವ ಬಿಲ್ಲು ಇದರಲ್ಲಿ ಆಗುತ್ತದಾ?

ಚೇಗುಮರ

ಖಂಡಿತ ಆಗುತ್ತದೆ. ಲೋಕಸ್ಟ್ ಬಹಳ ಒಳ್ಳೆಯ ಬಿಲ್ಲಿನ ಮರ. ಆದರೆ ನೀವು ಹೇಳಿದ ಎರಡೂ ಯೋಜನೆ, ಕಿರಿದು ಮಾಡುವುದು ಮತ್ತು ಬೆನ್ನಿಗೆ ಬಟ್ಟೆ ಹಚ್ಚುವುದು, ಈ ಮರಕ್ಕೆ ನೇರ ವಿರುದ್ಧ. ದಯವಿಟ್ಟು ಉಳಿ ಮುಟ್ಟುವ ಮೊದಲು ಇದನ್ನು ಓದಿ.

ಬಿಲ್ಲು ಬಾಗುವಾಗ ಗುರಿಯ ಕಡೆಗಿರುವ ಮುಖ, ಅಂದರೆ ಬೆನ್ನು, ಹಿಗ್ಗುತ್ತದೆ. ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಹೆಚ್ಚಿನ ಮರಗಳ ನಾರು ಎಳೆದರೆ ಗಟ್ಟಿ, ಒತ್ತಿದರೆ ಅಷ್ಟು ಗಟ್ಟಿಯಲ್ಲ. ಲೋಕಸ್ಟ್‌ನಲ್ಲಿ ಈ ಅಂತರ ಇನ್ನೂ ಜಾಸ್ತಿ. ಬೆನ್ನು ಸ್ವಲ್ಪವೂ ಸೋಲುವುದಿಲ್ಲ, ಹಾಗಾಗಿ ಸೋಲುವ ಸರದಿ ಹೊಟ್ಟೆಗೆ ಬರುತ್ತದೆ. ಅಲ್ಲಿನ ನಾರುಗಳು ಒತ್ತಡ ತಡೆಯಲಾರದೆ ಕುಸಿದು ಅಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ನೆರಿಗೆ ಬೀಳುತ್ತದೆ. ನೀವು ಕೇಳಿರುವ ಗೆರೆ ಅದೇ. ಈಗ ಬೆನ್ನಿಗೆ ಲಿನನ್ ಹಚ್ಚಿದರೆ ಏನಾಗುತ್ತದೆ ನೋಡಿ: ಮೊದಲೇ ಬಲವಾಗಿದ್ದ ಕಡೆಗೆ ಇನ್ನಷ್ಟು ಬಲ ಕೊಟ್ಟಂತಾಯಿತು, ಹೊಟ್ಟೆಯ ಪಾಡು ಇನ್ನೂ ಕಷ್ಟ. ಬೆನ್ನಿನ ಉಂಗುರ ಒಂದೇ ಆಗಿ ಸರಿಯಾಗಿ ಸಿಕ್ಕಿದರೆ ಲೋಕಸ್ಟ್‌ಗೆ ಯಾವ ಹೊದಿಕೆಯೂ ಬೇಡ.

ಇನ್ನು ಅಗಲದ ಮಾತು. ಅಗಲ ಎರಡು ಪಟ್ಟು ಮಾಡಿದರೆ ತೋಳಿನ ಬಿಗಿ ಎರಡು ಪಟ್ಟು ಆಗುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಎಂಟು ಪಟ್ಟು. ದಪ್ಪ ಬರೀ 10% ಹೆಚ್ಚಾದರೂ ಬಿಗಿ 33% ಏರುತ್ತದೆ. ಆದರೆ ಹೊಟ್ಟೆಯ ಮೇಲ್ಮೈ ಎಷ್ಟು ಕುಗ್ಗಬೇಕು ಅನ್ನುವುದನ್ನು, ಬಾಗು ಅಷ್ಟೇ ಇದ್ದಾಗ, ದಪ್ಪ ಒಂದೇ ತೀರ್ಮಾನ ಮಾಡುತ್ತದೆ, ಅಗಲ ಅಲ್ಲ. ಹಾಗಾಗಿ ಅದೇ 45 ಪೌಂಡನ್ನು ಅಗಲದಿಂದ ಪಡೆದರೆ ಹೊಟ್ಟೆಗೆ ನೆಮ್ಮದಿ. 32 ಮಿಲಿಮೀಟರ್ ಬದಲು 50 ಇಟ್ಟರೆ ಸುಮಾರು 14% ತೆಳುವಾದ ತೋಳು ಅದೇ ಎಳೆತ ಕೊಡುತ್ತದೆ, ಹೊಟ್ಟೆಯ ಕುಗ್ಗುವಿಕೆಯೂ ಅಷ್ಟೇ ಇಳಿಯುತ್ತದೆ. ಕೇಳಲು ಸಣ್ಣ ಅಂಕಿ, ಆದರೆ ನೆರಿಗೆ ಬೀಳುವ ಬಿಲ್ಲಿಗೂ ಬೀಳದ ಬಿಲ್ಲಿಗೂ ನಡುವೆ ಇರುವ ದೂರ ಅಷ್ಟೇ.

ದುಂಡು ಹೊಟ್ಟೆಯಲ್ಲಿ ಇನ್ನೊಂದು ತೊಂದರೆ ಇದೆ. ದುಂಡಿನ ನೆತ್ತಿಯಲ್ಲಿರುವ ಕೆಲವೇ ನಾರುಗಳು ಎಲ್ಲ ಒತ್ತಡ ಹೊರುತ್ತವೆ. ಚಪ್ಪಟೆ ಹೊಟ್ಟೆಯಲ್ಲಿ ಅಷ್ಟೂ ಅಗಲ ಹಂಚಿಕೊಳ್ಳುತ್ತದೆ. ಇಂಗ್ಲಿಷ್ ಉದ್ದಬಿಲ್ಲು ಯೂ ಮರದ್ದು. ಅದರ ಬಿಳಿ ಮರ ಎಳೆತಕ್ಕೆ ಒಳ್ಳೆಯದು, ಚೇಗು, ಅಂದರೆ ಒಳಗಿನ ಬಲಿತ ಮರ, ಒತ್ತಡಕ್ಕೆ ಒಳ್ಳೆಯದು, ಆದ್ದರಿಂದ ಆ ಆಕಾರ ಅಲ್ಲಿ ನಡೆಯಿತು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಿಂದ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಸಿಕ್ಕಿವೆ, ಎಲ್ಲವೂ ಕಿರಿದು ಮತ್ತು ದಪ್ಪ. ಡೆನ್ಮಾರ್ಕಿನ ಹೋಲ್ಮೆಗಾರ್ಡ್‌ನಲ್ಲಿ ಸಿಕ್ಕ ಸುಮಾರು 9000 ವರ್ಷ ಹಳೆಯ ಬಿಲ್ಲುಗಳು ಎಲ್ಮ್ ಮರದವು, ಅವುಗಳ ತೋಳು ಅಗಲ. ಮರಕ್ಕೆ ತಕ್ಕ ಆಕಾರ ಇಬ್ಬರೂ ಹುಡುಕಿಕೊಂಡಿದ್ದಾರೆ. ಲೋಕಸ್ಟ್‌ಗೆ ನೀವು ಎಲ್ಮ್ ದಾರಿ ಹಿಡಿಯಬೇಕು.

ಬಾಣಸಂಚಿ

ಚೇಗುಮರ ಅವರು ಹೇಳಿದ್ದರಲ್ಲಿ ಹೆಚ್ಚಿನದು ಸರಿ. ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಲೋಕಸ್ಟ್‌ನಲ್ಲಿ ಕಿರಿದಾದ ಬಿಲ್ಲು ಆಗುವುದೇ ಇಲ್ಲ ಅನ್ನುವ ಹಾಗಿಲ್ಲ. 190 ಸೆಂಟಿಮೀಟರ್ ಉದ್ದ ಇಟ್ಟು, ಹಿಡಿಯ ಜಾಗವೂ ಸ್ವಲ್ಪ ಬಾಗುವಂತೆ ಮಾಡಿದರೆ ಬಾಗು ಇಡೀ ಬಿಲ್ಲಿಗೆ ಹಂಚಿಹೋಗುತ್ತದೆ. ಆಗ 38 ಮಿಲಿಮೀಟರ್ ಅಗಲದಲ್ಲೂ ನಡೆಯುತ್ತದೆ. ಹೊಟ್ಟೆ ಮಾತ್ರ ಚಪ್ಪಟೆಯೇ ಇರಬೇಕು, ಅಂಚು ಮಾತ್ರ ದುಂಡಗೆ. ಉದ್ದವೂ ಅಗಲದಷ್ಟೇ ರಕ್ಷಣೆ ಕೊಡುತ್ತದೆ.

ಚೇಗುಮರ

ಉದ್ದದ ಮಾತು ಒಪ್ಪಿದೆ. ಆದರೆ ಅವರ ಸೀಳು 180 ಇದೆ, ತುದಿಯ ಬಿರುಕು ಕತ್ತರಿಸಿದರೆ 172 ಉಳಿಯಬಹುದು. ಅದಕ್ಕೇ ಅಗಲ ಕೇಳುತ್ತಿದ್ದೇನೆ.

ಹೆದೆಬಿಗಿ, ನನ್ನ ಅಳತೆ ಬರೆದುಕೊಳ್ಳಿ. ಒಟ್ಟು ಉದ್ದ 170ರಿಂದ 172. ನಡುವೆ ಬಾಗದ ಹಿಡಿ 10 ಸೆಂಟಿಮೀಟರ್, ಅದರ ಎರಡೂ ಕಡೆ 5 ಸೆಂಟಿಮೀಟರ್ ಇಳಿಜಾರಾಗಿ ತೋಳಿಗೆ ಸೇರಬೇಕು. ತೋಳು ಶುರುವಿನಿಂದ ಅರ್ಧದವರೆಗೆ 50 ಮಿಲಿಮೀಟರ್ ಅಗಲ, ಅಲ್ಲಿಂದ ನೇರವಾಗಿ ಕಿರಿದಾಗುತ್ತಾ ತುದಿಯಲ್ಲಿ 12. ದಪ್ಪ ಒರಟಾಗಿ 18ಕ್ಕೆ ನಿಲ್ಲಿಸಿ, ಮುಂದಿನದು ಬಾಗು ನೋಡಿಕೊಂಡೇ ಇಳಿಸಬೇಕು. ದಪ್ಪವನ್ನು ಮೊದಲೇ ಇಷ್ಟೇ ಅಂತ ಹೇಳಲು ಬರುವುದಿಲ್ಲ. ಒಂದೇ ದಿಮ್ಮಿಯ ಎರಡು ಸೀಳು ಕೂಡ ಒಂದೇ ಥರ ಇರುವುದಿಲ್ಲ.

ಇದರ ಜೊತೆ ಇನ್ನೊಂದು ಕೆಲಸ ಇದೆ, ಲೋಕಸ್ಟ್‌ಗೆ ಅದು ತುಂಬ ಮುಖ್ಯ. ಬೆನ್ನನ್ನು ಹೊಟ್ಟೆಗಿಂತ ಕಿರಿದು ಮಾಡಿ. ಹೊಟ್ಟೆ 50 ಇದ್ದರೆ ಬೆನ್ನು 36ರಿಂದ 38 ಸಾಕು, ಪಕ್ಕದ ಮೈ ಇಳಿಜಾರಾಗಿ ಬರುತ್ತದೆ. ಎಳೆತಕ್ಕೆ ಬಲವಾದ ಕಡೆ ಮರ ಕಮ್ಮಿ, ಒತ್ತಡಕ್ಕೆ ಸೋಲುವ ಕಡೆ ಮರ ಜಾಸ್ತಿ. ಆಗ ಎರಡೂ ಮುಖ ಸರಿಸಮವಾಗಿ ದುಡಿಯುತ್ತವೆ. ತೋಳಿನ ತೂಕವೂ ಸ್ವಲ್ಪ ಇಳಿದು ಬಾಣ ಚುರುಕಾಗಿ ಹೋಗುತ್ತದೆ.

ಹೆದೆಬಿಗಿ

ತುಂಬ ಧನ್ಯವಾದ ಸರ್. ಬೆನ್ನನ್ನು ಕಿರಿದು ಮಾಡಿದರೆ ಮುರಿದುಹೋಗುವುದಿಲ್ಲವಾ ಅಂತ ಒಂದು ಹೆದರಿಕೆ. ಮತ್ತೆ ಬಿಳಿ ಮರ ಪೂರ್ತಿ ತೆಗೆಯಬೇಕಾ, ಅಥವಾ ಯೂ ಬಿಲ್ಲಿನಂತೆ ಬೆನ್ನಿಗೆ ಬಿಡಬಹುದಾ?

ಕೀಸುಳಿ

ಪೂರ್ತಿ ತೆಗೆಯಿರಿ. ಲೋಕಸ್ಟ್‌ನಲ್ಲಿ ಬಿಳಿ ಮರ ತೆಳು, ಬೇಗ ಹುಳ ಹಿಡಿಯುತ್ತದೆ, ಬೇಗ ಕೊಳೆಯುತ್ತದೆ. ಚೇಗು ಮಾತ್ರ ಕೊಳೆಯುವುದು ಬಹಳ ಅಪರೂಪ, ಬೇಲಿ ಕಂಬಕ್ಕೆ ಈ ಮರವನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ. ಬದುಕಿರುವ ಲೋಕಸ್ಟ್ ಮರದೊಳಗೇ ಸುರಂಗ ಕೊರೆಯುವ ಒಂದು ದುಂಬಿಯ ಹುಳ ಇದೆ. ಹಾಗಾಗಿ ಬೆನ್ನಿನ ಜಾಗದಲ್ಲಿ ತೂತು ಇದೆಯಾ ಅಂತ ಮೊದಲೇ ನೋಡಿ. ಇದ್ದರೆ ಆ ತೂತು ಮುಗಿಯುವ ಉಂಗುರದವರೆಗೆ ಇಳಿಯಬೇಕಾಗುತ್ತದೆ.

ಬೆನ್ನು ಮುರಿಯುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಒಂದೇ. ಬೆನ್ನು ತುದಿಯಿಂದ ತುದಿಗೆ ಒಂದೇ ವರ್ಷದ ಉಂಗುರ ಆಗಿದ್ದರೆ ಕಿರಿದಾದರೂ ಮುರಿಯುವುದಿಲ್ಲ. ಎಲ್ಲಾದರೂ ಒಂದು ಕಡೆ ಉಂಗುರ ಕತ್ತರಿಸಿ ಕೆಳಗಿನದಕ್ಕೆ ಇಳಿದಿದ್ದರೆ, ಎಷ್ಟು ಅಗಲ ಇದ್ದರೂ ಅಲ್ಲಿಂದಲೇ ಸಿಬಿರು ಏಳುತ್ತದೆ.

ಉಂಗುರ ಹಿಡಿಯುವ ಕೆಲಸ ಹೀಗೆ. ಲೋಕಸ್ಟ್‌ನ ಪ್ರತಿ ಉಂಗುರದಲ್ಲಿ ಎರಡು ಪದರ ಇದೆ. ವರ್ಷದ ಬೆಳವಣಿಗೆ ಶುರುವಾದಾಗ ಬೆಳೆದದ್ದು ತೂತು ತೂತಾಗಿ ಪೊಳ್ಳು. ಆಮೇಲೆ ಬೆಳೆದದ್ದು ಗಟ್ಟಿ, ನುಣುಪು. ನಮಗೆ ಬೆನ್ನಾಗಿ ಬೇಕಿರುವುದು ಗಟ್ಟಿ ಪದರದ ಮೇಲ್ಮೈ. ಅದರ ಮೇಲಿನ ವರ್ಷದ ಪೊಳ್ಳು ಪದರವನ್ನು ಪೂರ್ತಿ ತೆಗೆದು, ಗಟ್ಟಿಯನ್ನು ಮುಟ್ಟದೆ ನಿಲ್ಲಿಸಬೇಕು. ಡ್ರಾನೈಫ್ ಇದ್ದರೆ, ಅಂದರೆ ಎರಡೂ ಕಡೆ ಹಿಡಿ ಇರುವ ಎಳೆಯುವ ಕತ್ತಿ, ಮೇಲಿನ ಉಂಗುರಗಳಿಗೆ ಅದು ಸಾಕು. ಕೊನೆಯ ಪೊಳ್ಳು ಪದರಕ್ಕೆ ಸ್ಕ್ರೇಪರ್, ಅಂದರೆ ಕೆರೆಯುವ ಅಲಗು, ತಗೊಳ್ಳಿ. ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಪೊಳ್ಳು ಪದರದ ಮೇಲೆ ಹತಾರ ಹೋದರೆ ಕರಕರ ಸದ್ದು, ಕೈಗೂ ಒರಟು. ಗಟ್ಟಿ ಪದರ ಸಿಕ್ಕ ತಕ್ಷಣ ಸದ್ದು ನಿಲ್ಲುತ್ತದೆ, ಅಲಗು ಜಾರುತ್ತದೆ. ಅಲ್ಲೇ ನಿಲ್ಲಿಸಿ, ಪಕ್ಕದ ಜಾಗಕ್ಕೆ ಹೋಗಿ.

ಬೆಳಕು ಪಕ್ಕದಿಂದ ಬೀಳುವಂತೆ ಕೂತುಕೊಳ್ಳಿ. ನೆತ್ತಿಯ ಮೇಲಿನ ದೀಪದಲ್ಲಿ ಪದರದ ಅಂಚು ಕಾಣುವುದೇ ಇಲ್ಲ. ನಿಮ್ಮ 3 ಮಿಲಿಮೀಟರ್ ಉಂಗುರ ಇದಕ್ಕೆ ತುಂಬ ಅನುಕೂಲ. ಉಂಗುರ ತೆಳುವಾಗಿದ್ದರೆ ಪೊಳ್ಳು ಪದರದ ಪಾಲು ಹೆಚ್ಚು, ಗಟ್ಟಿ ಪದರವನ್ನು ಕೊಯ್ಯದೆ ಹೋಗುವುದು ನಿಜಕ್ಕೂ ಕಷ್ಟದ ಕೆಲಸ. ಒಂದು ಉಂಗುರವನ್ನು ಅಭ್ಯಾಸಕ್ಕೆ ಅಂತಲೇ ಮೇಲೆ ಉಳಿಸಿಕೊಳ್ಳಿ. ಅದನ್ನು ಇಳಿಸುವಷ್ಟರಲ್ಲಿ ನಿಮ್ಮ ಕೈಗೆ ಈ ಮರದ ಗುಣ ಗೊತ್ತಾಗಿರುತ್ತದೆ. ಆಮೇಲೆ ನಿಜವಾದ ಬೆನ್ನಿಗೆ ಇಳಿಯಿರಿ.

ಇನ್ನೊಂದು. ಬೆನ್ನು ತೆರೆದ ದಿನವೇ ತೆಳುವಾಗಿ ಷೆಲ್ಯಾಕ್ (ಅರಗಿನ ವಾರ್ನಿಷ್) ಅಥವಾ ಅಂಟು ಬಳಿಯಿರಿ. ಒಳಗೆ ಹಸಿ ಉಳಿದಿದ್ದರೆ ತೆರೆದ ಮೈ ಬೇಗ ಒಣಗಿ ಬಿರುಕು ಬಿಡುತ್ತದೆ.

ಹಸಿರುಟೊಂಗೆ

ಕೆಲಸಕ್ಕೆ ಕೂರುವ ಮೊದಲು ಮಾಸ್ಕ್ ಹಾಕಿಕೊಳ್ಳಿ. ಈ ಮರದ ತೊಗಟೆ, ಎಲೆ, ಬೀಜ ಎಲ್ಲವೂ ವಿಷ, ತೊಗಟೆ ತಿಂದು ಕುದುರೆಗಳಿಗೆ ವಿಷ ಏರುವುದು ಗೊತ್ತಿರುವ ವಿಷಯ. ಚೇಗಿನ ಧೂಳು ಕೂಡ ಕೆಲವರಿಗೆ ಕಣ್ಣು, ಮೂಗು ಉರಿಸುತ್ತದೆ. ಉಪ್ಪುಕಾಗದ ಉಜ್ಜುವಾಗ ಅಂತೂ ಮಾಸ್ಕ್ ಬೇಕೇ ಬೇಕು.

ಇದು ಲೋಕಸ್ಟೇ ಹೌದಾ ಅಂತ ಅನುಮಾನ ಇದ್ದರೆ ಕತ್ತಲೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದು ನೋಡಿ. ಚೇಗು ಹಳದಿ ಹಸಿರಾಗಿ ಹೊಳೆಯುತ್ತದೆ.

ಗಂಟುನಾರು

ಗಂಟು ಮತ್ತು ಡೊಂಕು ನಾರಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನನಗೆ ಇಂಥ ಮರಗಳೇ ಇಷ್ಟ.

ಬೆನ್ನಿನ ಮೇಲೆ ನೇರ ಗೆರೆ ಎಳೆದು ಅದರ ಪ್ರಕಾರ ಕತ್ತರಿಸಬೇಡಿ. ನಾರು ಎತ್ತ ಹೋಗುತ್ತದೋ ನಡುಗೆರೆ ಅತ್ತ ಹೋಗಬೇಕು. ಬೆನ್ನಿನ ಉಂಗುರ ತೆರೆದ ಮೇಲೆ ಗಟ್ಟಿ ಪದರದಲ್ಲಿ ಸಣ್ಣ ಸಣ್ಣ ಉದ್ದ ಗೆರೆಗಳು ಕಾಣುತ್ತವೆ, ಪೆನ್ಸಿಲ್ ತುದಿಯನ್ನು ಅವುಗಳ ಮೇಲೆ ಹಗುರವಾಗಿ ಓಡಿಸಿದರೆ ಪೆನ್ಸಿಲ್ಲೇ ದಾರಿ ಹಿಡಿಯುತ್ತದೆ. ಆ ಗೆರೆಯಿಂದ ಎರಡೂ ಕಡೆ ಸಮ ಅಗಲ ಗುರುತು ಮಾಡಿ. ತೋಳು ನೋಡಲು ಅಂಕುಡೊಂಕಾಗಿರುತ್ತದೆ. ಇರಲಿ ಬಿಡಿ. ನಾರು ಕಡಿಯದ ಡೊಂಕು ತೋಳು, ನಾರು ಕಡಿದ ನೇರ ತೋಳಿಗಿಂತ ಹೆಚ್ಚು ವರ್ಷ ಬಾಳುತ್ತದೆ.

ನೋಡಬೇಕಾದದ್ದು ಒಂದೇ: ಎರಡು ತುದಿಗೆ ದಾರ ಕಟ್ಟಿ ಬಿಗಿದರೆ ಅದು ಹಿಡಿಯ ಮೇಲೆ ಹಾದುಹೋಗಬೇಕು. ಹಿಡಿಯಿಂದ ಆಚೆಗೆ ಬಿದ್ದರೆ ಮಾತ್ರ ತೋಳನ್ನು ಪಕ್ಕಕ್ಕೆ ಬಗ್ಗಿಸಬೇಕು. ಸಣ್ಣ ತಿದ್ದುಪಡಿಗೆ ಒಣ ಬಿಸಿ ಸಾಕು. ದೊಡ್ಡದಕ್ಕೆ ಹಬೆ ಬೇಕು. ಹಬೆಯ ಲೆಕ್ಕ, ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ. ಬಗ್ಗಿಸಿ ಕ್ಲಾಂಪ್ ಹಾಕಿ ಪೂರ್ತಿ ತಣ್ಣಗಾಗಲು ಬಿಡಿ. ಹಬೆ ಕೊಟ್ಟ ಮರ ನೀರು ಕುಡಿದಿರುತ್ತದೆ, ಮತ್ತೆ ಒಣಗುವ ತನಕ ಬಾಗಿಸಬೇಡಿ.

ಗಂಟಿಗೆ ಬರೋಣ. ಬೆನ್ನಿನ ಉಂಗುರ ಗಂಟಿನ ಮೇಲೆ ಏರಿ ಸಣ್ಣ ಗುಡ್ಡ ಮಾಡಿರುತ್ತದೆ. ಅದನ್ನು ಸಮ ಮಾಡುವ ಆಸೆ ಬೇಡ, ಏರಿದ ಹಾಗೇ ಬಿಡಿ. ಗಂಟಿನ ಸುತ್ತ ನಾರು ಬಳಸಿಕೊಂಡು ಹೋಗುತ್ತದೆ, ಆ ನಾರು ಎರಡೂ ಕಡೆ ಉಳಿಯುವಂತೆ ಅಲ್ಲಿ ತೋಳಿನ ಅಗಲವನ್ನು 4, 5 ಮಿಲಿಮೀಟರ್ ಹೆಚ್ಚು ಬಿಡಿ. ಗಂಟು ಅಂಚಿಗೆ ಬಂದರೆ ಪೂರ್ತಿ ಒಳಗೆ ಇರಬೇಕು, ಇಲ್ಲ ಪೂರ್ತಿ ಹೊರಗೆ. ಅರ್ಧ ಕತ್ತರಿಸಿದ ಗಂಟು ತುಂಬ ಕೆಟ್ಟದ್ದು. ಹೊಟ್ಟೆ ಕಡೆಯೂ ಅಷ್ಟೇ, ಲೋಕಸ್ಟ್‌ನಲ್ಲಿ ನೆರಿಗೆ ಶುರುವಾಗಲು ಗಂಟಿನ ಪಕ್ಕ ಒಳ್ಳೆಯ ಜಾಗ. ಅಲ್ಲಿ ತೋಳು ಒಂದು ಚೂರು ಬಿಗಿಯಾಗಿಯೇ ಇರಲಿ, ನೆರೆಯ ಜಾಗಕ್ಕಿಂತ ಕಮ್ಮಿ ಬಾಗಲಿ.

ಬಾಣಸಂಚಿ

ಒಣಗುವುದರ ಬಗ್ಗೆ ಕೂಡ ಹೇಳಲೇಬೇಕು, "ಚೆನ್ನಾಗಿ ಒಣಗಿದಂತೆ ಕಾಣುತ್ತದೆ" ಅನ್ನುವುದು ಸಾಲದು. ಬಿಲ್ಲಿನ ಮರದಲ್ಲಿ ತೇವ 8ರಿಂದ 10% ಇರಬೇಕು. 12 ದಾಟಿದರೆ ಹೊಟ್ಟೆ ಮೆತ್ತಗಾಗಿ, ಹೆದೆ ಇಳಿಸಿದ ಮೇಲೂ ಬಿಲ್ಲು ಬಾಗಿಯೇ ನಿಲ್ಲುತ್ತದೆ. 6ಕ್ಕಿಂತ ಕೆಳಗೆ ಹೋದರೆ ಬೆನ್ನು ಪಟ್ಟನೆ ಹೋಗಬಹುದು. ಗಾಳಿಯ ತೇವ 50% ಇರುವ ಕೋಣೆಯಲ್ಲಿ ಮರ ತಾನಾಗಿ 9ರ ಸುಮಾರಿಗೆ ನಿಲ್ಲುತ್ತದೆ. 65% ಇರುವ ಕಡೆ 12ಕ್ಕೆ ನಿಲ್ಲುತ್ತದೆ, ಎಷ್ಟು ವರ್ಷ ಇಟ್ಟರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಒರಟಾಗಿ ಆಕಾರ ಕೊಟ್ಟ ಬಿಲ್ಲನ್ನು ಹಗುರ ಬಿಸಿ ಇರುವ ಒಣ ಜಾಗದಲ್ಲಿ ಇಟ್ಟು, ದಿನಾ ಒಂದೇ ಹೊತ್ತಿಗೆ ತೂಕ ಮಾಡಿ ಬರೆದಿಡಿ. ಗ್ರಾಂ ಇಳಿಯುವುದು ನಿಂತಿತು ಅಂದರೆ ಆ ಜಾಗದ ಮಟ್ಟಿಗೆ ಒಣಗಿತು. ಇಡೀ ಸೀಳಿಗಿಂತ ಒರಟು ಬಿಲ್ಲು ಬಹಳ ಬೇಗ ಒಣಗುತ್ತದೆ. ಸೊಟ್ಟ ಆಗದಂತೆ ನೇರ ಹಲಗೆಗೆ ಕಟ್ಟಿ ಇಡಿ.

ಹೆದೆಬಿಗಿ

ಇಷ್ಟೊಂದು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ತೂಕ ಬರೆದಿಡುವುದನ್ನು ಇವತ್ತೇ ಶುರು ಮಾಡುತ್ತೇನೆ. ಈಗ ಬಾಗು ಹೊಂದಿಸುವ ಹಂತ. ಬೇರೆ ಮರದಲ್ಲಿ ಮಾಡಿದ ಅನುಭವ ಇದೆ, ಲೋಕಸ್ಟ್‌ಗೆ ಏನಾದರೂ ಬೇರೆ ಮಾಡಬೇಕಾ?

ಚೇಗುಮರ

ವಿಧಾನ ಅದೇ, ಆದರೆ ಲೋಕಸ್ಟ್ ಕ್ಷಮಿಸುವುದಿಲ್ಲ. ಬೇರೆ ಮರದಲ್ಲಿ ಒಂದು ಕಡೆ ಸ್ವಲ್ಪ ಹೆಚ್ಚು ಬಾಗಿದರೆ ಬಿಲ್ಲು ಅಲ್ಲಿ ಚೂರು ಬಗ್ಗಿ ನಿಲ್ಲುತ್ತದೆ, ಅಷ್ಟೇ. ಲೋಕಸ್ಟ್ ಅಲ್ಲೇ ನೆರಿಗೆ ಬೀಳುತ್ತದೆ. ಇಡೀ ತೋಳು ಒಂದೇ ಸಮ ಬಾಗಬೇಕು.

ಮೊದಲು ನೆಲಕ್ಕೆ ತುದಿ ಊರಿ ಒತ್ತಿ ನೋಡಿ, ಎರಡು ತೋಳೂ ಬಾಗಲು ಶುರುವಾಗುವ ತನಕ ಇಳಿಸಿ. ಬೆನ್ನು ಕಿರಿದು ಮಾಡುವ ಕೆಲಸವನ್ನು ಈ ಹಂತದಲ್ಲೇ ಮುಗಿಸಿ. ಆಮೇಲೆ ಮಾಡಿದರೆ ಎಳೆತದ ತೂಕ ಇಳಿದುಹೋಗುತ್ತದೆ. ಬೆನ್ನಿನ ಅಂಚುಗಳನ್ನು ದುಂಡಗೆ ಮಾಡಿ, ಚೂಪಾದ ಅಂಚಿನಿಂದಲೇ ಸಿಬಿರು ಏಳುವುದು. ಆಮೇಲೆ ಉದ್ದ ಹೆದೆ ಹಾಕಿ, ಗೋಡೆಗೆ ಹಾಕಿದ ಕಟ್ಟೆಯ ಮೇಲೆ ಬಿಲ್ಲಿಟ್ಟು, ಹಗ್ಗ ಮತ್ತು ರಾಟೆಯಿಂದ ಎಳೆಯಿರಿ. ನೀವು ಎರಡು ಮೂರು ಮೀಟರ್ ದೂರ ನಿಂತು ಎಳೆಯುವಂತಿರಬೇಕು. ದೂರದಿಂದ ಬಾಗೂ ಚೆನ್ನಾಗಿ ಕಾಣುತ್ತದೆ, ಮುರಿದರೆ ಮುಖಕ್ಕೂ ಬಡಿಯುವುದಿಲ್ಲ. ಹಗ್ಗದ ನಡುವೆ ತೂಕದ ತಕ್ಕಡಿ ಇರಲಿ.

ನಿಯಮ ಒಂದು: 45 ಪೌಂಡ್ ಬಿಲ್ಲು ಬೇಕಿದ್ದರೆ ಯಾವ ಹಂತದಲ್ಲೂ 45 ದಾಟಿ ಎಳೆಯಬೇಡಿ. 15 ಇಂಚಿಗೆ 45 ಬಂತಾ, ಅಲ್ಲೇ ನಿಲ್ಲಿಸಿ, ಕೆರೆಯಿರಿ, ಮತ್ತೆ ನೋಡಿ. ಇನ್ನೊಂದು: ತಪ್ಪು ಕಂಡರೆ ಅದನ್ನು ಸರಿಪಡಿಸುವ ತನಕ ಒಂದು ಇಂಚೂ ಮುಂದೆ ಎಳೆಯಬೇಡಿ. "ಇನ್ನೊಂದು ಸ್ವಲ್ಪ ಎಳೆದು ನೋಡೋಣ" ಅನ್ನುವುದು ಲೋಕಸ್ಟ್ ಹೊಟ್ಟೆಯನ್ನು ಕೊಲ್ಲುತ್ತದೆ. ಒಮ್ಮೆ ಕುಸಿದ ನಾರು ಮತ್ತೆ ಏಳುವುದಿಲ್ಲ.

ಕಣ್ಣಿಗೆ ಸಹಾಯ ಬೇಕಿದ್ದರೆ 15 ಸೆಂಟಿಮೀಟರ್ ಉದ್ದದ ಚಪ್ಪಟೆ ಮರದ ತುಂಡು ತಗೊಂಡು ನಡುವೆ ತೂತು ಕೊರೆದು ಪೆನ್ಸಿಲ್ ಸಿಕ್ಕಿಸಿ. ಬಿಲ್ಲು ಬಾಗಿ ನಿಂತಿರುವಾಗ ಅದನ್ನು ಹೊಟ್ಟೆಯ ಮೇಲೆ ಉದ್ದಕ್ಕೂ ಓಡಿಸಿ. ಪೆನ್ಸಿಲ್ ತುದಿಯನ್ನು, ಸರಿಯಾಗಿ ಬಾಗಿದ ಕಡೆ ಮರಕ್ಕೆ ತಾಗದಷ್ಟು ಒಳಗೆ ಇಡಿ. ಬಾಗದ ಕಡೆ ಹೊಟ್ಟೆ ಪೆನ್ಸಿಲ್‌ಗೆ ಹತ್ತಿರ ಬಂದು ಗೆರೆ ಬೀಳುತ್ತದೆ. ಗೆರೆ ಬಿದ್ದ ಜಾಗ ಮಾತ್ರ ಕೆರೆಯಿರಿ. ಹೆಚ್ಚು ಬಾಗುವ ಜಾಗಕ್ಕೆ ಹತಾರ ತಾಗಿಸಲೇಬೇಡಿ. ಒಂದು ಸುತ್ತು ಕೆರೆದ ಮೇಲೆ ಅಷ್ಟೇ ದೂರಕ್ಕೆ 20, 30 ಸಲ ನಿಧಾನವಾಗಿ ಎಳೆದು ಬಿಡಿ, ಆಗಲೇ ತೆಗೆದ ಮರದ ಪರಿಣಾಮ ಬಾಗಿನಲ್ಲಿ ಕಾಣುವುದು. ದಪ್ಪ 10% ಇಳಿದರೆ ಬಿಗಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ ಅನ್ನುವುದು ನೆನಪಿರಲಿ, ಕೊನೆ ಕೊನೆಗೆ ಸ್ಕ್ರೇಪರಿನ ನಾಲ್ಕು ಎಳೆತವೂ ದೊಡ್ಡದು.

ಹಿಡಿ ಮುಗಿದು ತೋಳು ಶುರುವಾಗುವ ಜಾಗದ ಮೇಲೆ ವಿಶೇಷ ಗಮನ ಇಡಿ. ಹೆಚ್ಚಿನ ನೆರಿಗೆ ಶುರುವಾಗುವುದು ಅಲ್ಲಿ.

ತಂಬೆಳಕು

ಹೊಟ್ಟೆಯನ್ನು ಹೀಟ್ ಗನ್‌ನಿಂದ ಕಾಯಿಸಿ ಕಂದು ಮಾಡಿದರೆ ಒತ್ತಡ ತಡೆಯುವ ಶಕ್ತಿ ಹೆಚ್ಚುತ್ತದೆ ಅಲ್ವಾ? ಲೋಕಸ್ಟ್‌ಗೆ ಅದೇ ಮದ್ದು ಅನ್ನಿಸುತ್ತದೆ. ಯಾರೂ ಯಾಕೆ ಹೇಳುತ್ತಿಲ್ಲ?

ಕೀಸುಳಿ

ಹೆಚ್ಚುತ್ತದೆ, ನಿಜ. ಬಿಗಿಯೂ ಏರುತ್ತದೆ. ಆದರೆ ಕಾಯಿಸಿದ ಮರ ಪೆಡಸಾಗುತ್ತದೆ. ಬಾಗು ಸಮ ಇಲ್ಲದ ಬಿಲ್ಲನ್ನು ಕಾಯಿಸಿದರೆ ನೆರಿಗೆ ಬರುವುದು ತಪ್ಪುವುದಿಲ್ಲ, ಕಂದು ಬಣ್ಣದ ಕೆಳಗೆ ಕಾಣದೇ ಹೋಗುತ್ತದೆ ಅಷ್ಟೇ. ಹಾಗಾಗಿ ನಾನು ಇದನ್ನು ಮದ್ದು ಅನ್ನುವುದಿಲ್ಲ. ಸರಿಯಾಗಿ ಮಾಡಿದ ಬಿಲ್ಲಿಗೆ ಕೊಡುವ ಹೆಚ್ಚುವರಿ ಬಲ ಅನ್ನಬಹುದು.

ಮಾಡುವುದಾದರೆ ಬಾಗು ಮುಕ್ಕಾಲು ಭಾಗ ಸರಿಹೋದ ಮೇಲೆ ಮಾಡಿ. ಬಿಲ್ಲನ್ನು ಹಲಗೆಗೆ ಕ್ಲಾಂಪ್ ಹಾಕಿ, ಹೊಟ್ಟೆ ಮೇಲಕ್ಕೆ ಇರಲಿ. ಗನ್ ಎಂಟು ಹತ್ತು ಸೆಂಟಿಮೀಟರ್ ಮೇಲೆ ಹಿಡಿದು ನಿಧಾನ ಸರಿಸುತ್ತಾ ಹೋಗಿ. ಕಪ್ಪಾಗುವುದು ಬೇಡ, ಹಗುರ ಕಂದು ಸಾಕು. ಬೆನ್ನು ಬಿಸಿಯಾಗಬಾರದು. ಆಮೇಲೆ ಒಂದು ವಾರವಾದರೂ ಹಾಗೇ ಬಿಡಿ. ಕಾದ ಮರದಲ್ಲಿ ತೇವ ತೀರಾ ಇಳಿದಿರುತ್ತದೆ, ಅದು ಗಾಳಿಯಿಂದ ಸ್ವಲ್ಪ ವಾಪಸ್ ಪಡೆಯಬೇಕು. ಮರುದಿನವೇ ಬಾಗಿಸಿದ ಬಿಲ್ಲು ಮುರಿಯುತ್ತದೆ.

ಗಂಟುನಾರು

ಗಂಟಿರುವ ಜಾಗ ಬಿಟ್ಟು ಕಾಯಿಸಿ. ಗಂಟಿನ ಸುತ್ತ ಬಿಸಿಗೆ ಬಿರುಕು ತೆರೆಯುತ್ತದೆ.

ಎಳೆಬಿಸಿಲು

ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನನ್ನ ಹತ್ತಿರ ಗೆಳೆಯರೊಬ್ಬರು ಕೊಟ್ಟ ಲೋಕಸ್ಟ್ ಬಿಲ್ಲು ಇದೆ. ಕೆಳಗಿನ ತೋಳಿನಲ್ಲಿ ಹಿಡಿಯಿಂದ ಒಂದು ಗೇಣು ದೂರದಲ್ಲಿ ಮೂರು ನಾಲ್ಕು ಅಡ್ಡ ಗೆರೆ ಇವೆ, ಉಗುರು ಓಡಿಸಿದರೆ ತಡೆಯುತ್ತದೆ. ಇನ್ನು ಆ ಬಿಲ್ಲು ಮುಗಿಯಿತು ಅಂತಾನಾ?

ಚೇಗುಮರ

ಮುಗಿದಿಲ್ಲ ಮೇಡಂ. ಆದರೆ ಈಗಿನ ಸ್ಥಿತಿಯಲ್ಲಿ ಪೂರ್ತಿ ಎಳೆಯಬೇಡಿ. ಗೆರೆ ತಾನಾಗಿ ವಾಸಿಯಾಗುವುದಿಲ್ಲ, ಎಳೆದಷ್ಟೂ ಆಳಕ್ಕೆ ಹೋಗುತ್ತದೆ. ಬೆನ್ನಿನ ಸಿಬಿರಿನಂತೆ ತಕ್ಷಣ ಮುರಿಯುವ ಅಪಾಯ ಕಮ್ಮಿ ಅನ್ನುವುದೊಂದೇ ಸಮಾಧಾನ.

ಆ ಜಾಗ ಉಳಿದ ತೋಳಿಗಿಂತ ಹೆಚ್ಚು ಬಾಗುತ್ತಿದೆ, ಅದಕ್ಕೇ ಗೆರೆ. ಅದರ ಮೇಲೆ ಕೆರೆದು ಗೆರೆ ತೆಗೆಯಲು ಹೋದರೆ ತೋಳು ಅಲ್ಲಿ ಇನ್ನೂ ತೆಳು ಆಗುತ್ತದೆ, ಇನ್ನೂ ಬಾಗುತ್ತದೆ. ಅದನ್ನು ಬಿಟ್ಟು ಉಳಿದ ಕಡೆಯೆಲ್ಲ ಕೆರೆಯಿರಿ, ಬಾಗು ಹೊರಗಿನ ಅರ್ಧಕ್ಕೆ ಹೋಗಲಿ. ಮೇಲಿನ ತೋಳನ್ನೂ ಅದಕ್ಕೆ ಹೊಂದಿಸಿ. ಎಳೆತ 8, 10 ಪೌಂಡ್ ಇಳಿಯಬಹುದು. ಅಷ್ಟು ಬಿಟ್ಟುಕೊಟ್ಟರೆ ಗೆರೆ ಅಲ್ಲಿಗೇ ನಿಂತು ಬಿಲ್ಲು ಬಹಳ ಕಾಲ ನಡೆಯುತ್ತದೆ. ಗೆರೆ ಆಳವಾಗಿದ್ದರೆ ಆ ಭಾಗವನ್ನು ಉದ್ದಕ್ಕೆ, ಮೆಲ್ಲನೆ ಇಳಿಜಾರಾಗಿ ತೋಡಿ ಅದೇ ಮರದ ತೇಪೆ ಅಂಟಿಸಬಹುದು. ಅದಕ್ಕೆ ಕೈ ಪಳಗಿರಬೇಕು, ಎರಡೂ ಮೈ ಕೂದಲಷ್ಟೂ ಸಂದಿ ಇಲ್ಲದೆ ಕೂರಬೇಕು.

ಎಳೆಬಿಸಿಲು

ತುಂಬ ಉಪಕಾರ ಆಯಿತು ಸರ್. ಮೊದಲು ಕೆರೆದು ಎಳೆತ ಇಳಿಸಿ ನೋಡುತ್ತೇನೆ, ತೇಪೆ ಸದ್ಯಕ್ಕೆ ಬೇಡ.

ಹೆದೆಬಿಗಿ

ಕೊನೆಯ ಪ್ರಶ್ನೆ. ಬಿಲ್ಲು ಮುಗಿದ ಮೇಲೆ ವರ್ಷಗಟ್ಟಲೆ ಬಾಳಲು ಬಳಸುವಾಗ ಏನು ನೋಡಿಕೊಳ್ಳಬೇಕು?

ಬಾಣಸಂಚಿ

ಬಾಣ ಹಗುರ ಇರಬಾರದು. ಪ್ರತಿ ಪೌಂಡ್ ಎಳೆತಕ್ಕೆ ಕಡಿಮೆ ಅಂದರೂ 10 ಗ್ರೇನ್ ತೂಕ, ನಿಮ್ಮ 45 ಪೌಂಡಿಗೆ 450 ಗ್ರೇನ್, ಅಂದರೆ 29 ಗ್ರಾಂ. ಹಗುರ ಬಾಣಕ್ಕೆ ಹೋಗದ ಶಕ್ತಿ ತೋಳಿಗೇ ವಾಪಸ್ ಬಡಿಯುತ್ತದೆ. ಬಾಣ ಇಲ್ಲದೆ ಹೆದೆ ಎಳೆದು ಬಿಡುವುದನ್ನು ಯಾರಿಗೂ ಮಾಡಲು ಬಿಡಬೇಡಿ, ಬಿಲ್ಲು ಕೈಗೆ ಸಿಕ್ಕ ಹೊಸಬರು ಮೊದಲು ಮಾಡುವುದೇ ಅದು.

ಹೆದೆ ಡೆಕ್ರಾನ್ ಅನ್ನುವ ಪಾಲಿಯೆಸ್ಟರ್ ನೂಲಿನದು ಇರಲಿ, ಅದು ಸ್ವಲ್ಪ ಹಿಗ್ಗಿ ಪೆಟ್ಟನ್ನು ನುಂಗುತ್ತದೆ. ಹಿಗ್ಗದ ತೆಳು ಹೆದೆ ಹಾಕುವುದಾದರೆ ಕೊಪ್ಪಿನ, ಅಂದರೆ ತುದಿಯಲ್ಲಿ ಹೆದೆ ಸಿಕ್ಕಿಸುವ ಜಾಗದ, ಮೇಲೆ ಕೊಂಬು ಅಥವಾ ಗಟ್ಟಿ ಮರದ ತುಂಡು ಅಂಟಿಸಿ, ಇಲ್ಲದಿದ್ದರೆ ಹೆದೆ ಮರವನ್ನು ಕೊಯ್ಯುತ್ತದೆ. ಎಸೆತ ಮುಗಿದ ತಕ್ಷಣ ಹೆದೆ ಇಳಿಸಿ. ಎಳೆದು ಹಿಡಿದು ಸುಮ್ನೆ ನಿಲ್ಲಬೇಡಿ. 28 ಇಂಚಿಗೆ ಮಾಡಿದ ಬಿಲ್ಲನ್ನು ಉದ್ದ ಕೈಯವರಿಗೆ ಕೊಡಬೇಡಿ, 30ಕ್ಕೆ ಎಳೆದರೆ ಒಂದೇ ಸಲಕ್ಕೆ ನೆರಿಗೆ ಬೀಳಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ.

ಎಣ್ಣೆ ಅಥವಾ ಷೆಲ್ಯಾಕ್ ಮೂರು ನಾಲ್ಕು ಕೋಟ್ ಕೊಡಿ. ಅದು ತೇವ ಬರುವುದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ತೇವದ ದಿನಗಳಲ್ಲಿ ಒಳಗೆ ಒಣ ಜಾಗದಲ್ಲೇ ಇಡಿ. ಆಗಾಗ ಹೊಟ್ಟೆಯನ್ನು ಪಕ್ಕದ ಬೆಳಕಿನಲ್ಲಿ ನೋಡಿ, ಉಗುರು ಓಡಿಸಿ.

ಹೆದೆಬಿಗಿ

ಸರಿ. ಲಿನನ್ ಬಿಟ್ಟೆ, 32 ಮಿಲಿಮೀಟರೂ ಬಿಟ್ಟೆ. ಬಿಳಿ ಮರ ಇಳಿಸಿ, ಒಂದು ಉಂಗುರ ಅಭ್ಯಾಸಕ್ಕೆ ತೆಗೆದು, ಆಮೇಲೆ ಬೆನ್ನು ಹಿಡಿಯುತ್ತೇನೆ. ನಡುಗೆರೆ ಹಾಕಿದ ಮೇಲೆ ಫೋಟೋ ಹಾಕುತ್ತೇನೆ, ಕತ್ತರಿಸುವ ಮೊದಲು ಒಮ್ಮೆ ನೋಡಿ ಹೇಳಿ.

ಗಂಟುನಾರು

ಹಾಕಿ. ಗಂಟಿನ ಹತ್ತಿರದ ಫೋಟೋ ಪಕ್ಕದಿಂದಲೂ ಒಂದು ಇರಲಿ, ಗುಡ್ಡ ಎಷ್ಟು ಎತ್ತರ ಇದೆ ಅಂತ ಮೇಲಿನಿಂದ ತೆಗೆದದ್ದರಲ್ಲಿ ಗೊತ್ತಾಗುವುದಿಲ್ಲ.